ಮುಂದಿನ ನಳ ಶನಿವಾರ

ನಾನು ಒಂದು ಕಂಪ್ಯೂಟರಿನ ಡಬ್ಬಿ. ಮೇಜಿನ ಮೇಲೆ ಮಿಂಚುತ್ತ ಕೂರುತ್ತದಲ್ಲ, ಆ ಪರದೆ ನಾನಲ್ಲ. ನಾನು ಮೇಜಿನ ಕೆಳಗೆ, ನೆಲದ ಮೇಲೆ ಇರುವವನು. ಜನ ನನ್ನನ್ನು ಸಿಪಿಯು ಅನ್ನುತ್ತಾರೆ, ಕಸ ಗುಡಿಸುವಾಗ ಮಾತ್ರ ನೆನಪು ಮಾಡಿಕೊಳ್ಳುತ್ತಾರೆ. ಕೆಲಸವೆಲ್ಲ ನನ್ನ ಹೊಟ್ಟೆಯಲ್ಲಿ ನಡೆಯುತ್ತದೆ, ಹೊಗಳಿಕೆಯೆಲ್ಲ ಮೇಲೆ ಕೂತವಳಿಗೆ. ಇರಲಿ, ಈ ವಯಸ್ಸಿನಲ್ಲಿ ಆ ಜಗಳ ಯಾಕೆ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಅಟ್ಟದ ಮೇಲೆ. ಒಂದೊಂದು ಅಂಗ ಒಂದೊಂದು ಕಡೆಯಿಂದ ಬಂದದ್ದು. ಬೆವರು ಒರೆಸಿಕೊಳ್ಳುತ್ತ ನನ್ನನ್ನು ಜೋಡಿಸುತ್ತಿದ್ದವನ ಕೈಯಿಂದ ಒಂದು ಸ್ಕ್ರೂ ಜಾರಿ ಎಲ್ಲೋ ಬಿತ್ತು. ಎರಡು ನಿಮಿಷ ಹುಡುಕಿದ, ಸಿಗಲಿಲ್ಲ, ಹಾಗೇ ಮುಚ್ಚಿಬಿಟ್ಟ. ಅಂದಿನಿಂದ ನನ್ನ ಎಡಮಗ್ಗುಲು ಕೊಂಚ ಸಡಿಲ. ಭಯವಾದಾಗ ನನ್ನ ಫ್ಯಾನು ಜೋರಾಗಿ ತಿರುಗುತ್ತದೆ, ಆ ಮಗ್ಗುಲಿನ ತಗಡು ಗಡಗಡ ಅನ್ನುತ್ತದೆ. ಅಂಜಿಕೆಯನ್ನು ಮುಚ್ಚಿಟ್ಟುಕೊಳ್ಳುವುದು ನನಗೆ ಎಂದೂ ಆಗಿಲ್ಲ.

ಮೊದಲ ಒಂಬತ್ತು ವರ್ಷ ಗದಗ ಕಡೆಯ ಒಂದು ಊರಿನ ಸೈಬರ್ ಕೆಫೆಯಲ್ಲಿ ಕಳೆದೆ. ಮನುಷ್ಯರನ್ನು ಕಾಲಿನಿಂದ ಗುರುತಿಸಲು ಕಲಿತದ್ದು ಅಲ್ಲೇ. ಪರೀಕ್ಷೆಯ ಫಲಿತಾಂಶದ ದಿನ ಮೇಜಿನ ಕೆಳಗೆ ಹೆಬ್ಬೆರಳುಗಳು ನೆಲ ಕೆರೆಯುತ್ತಿದ್ದವು. ಪಾಸಾದವರ ಕಾಲು ತಟ್ಟನೆ ಎದ್ದು ಓಡುತ್ತಿದ್ದವು. ಆಗದವರ ಕಾಲು ಕುರ್ಚಿಯ ಅಡಿಗೆ ಸರಿದು ಒಂದರ ಮೇಲೊಂದು ಕೂರುತ್ತಿದ್ದವು. ಎಷ್ಟು ಜನರ ಪುಕುಪುಕು ನೋಡಿದ್ದೇನೋ ಲೆಕ್ಕವಿಲ್ಲ. ಎಲ್ಲರ ಕೈಗೂ ಫೋನು ಬಂದ ಮೇಲೆ ಕೆಫೆಗೆ ಬೀಗ ಬಿತ್ತು. ನನ್ನನ್ನು ದಾಕ್ಷಾಯಣಿ ಎಂಬವಳು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು.

ದಾಕ್ಷಾಯಣಿಗೆ ಆಗ ಮೂವತ್ತೈದರ ಹತ್ತಿರ. ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲ್ ಹಚ್ಚುವ, ಪಿಕೊ ಮಾಡುವ ಕೆಲಸ ಅವಳದು. ಗಂಡ ವಿರೂಪಾಕ್ಷಿ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಹೊಲಿಗೆಯ ಯಂತ್ರ ತುಳಿದೂ ತುಳಿದೂ ಅವಳ ಬಲಗಾಲಿಗೆ ಅದೇ ರೂಢಿಯಾಗಿತ್ತು. ನನ್ನ ಪಕ್ಕ ಕೂತಾಗಲೂ ಅದು ಗಾಳಿಯಲ್ಲಿ ಪೆಡಲ್ ಒತ್ತುತ್ತಿತ್ತು. ಪಿಯುಸಿ ಮುಗಿಸಿ ಟೀಚರ್ ಆಗಬೇಕು ಅಂದುಕೊಂಡಿದ್ದವಳಿಗೆ ಹತ್ತೊಂಬತ್ತಕ್ಕೇ ಅಕ್ಕಿಕಾಳು ಹಾಕಿ ಮದುವೆ ಮಾಡಿಬಿಟ್ಟಿದ್ದರು. ಆ ಆಸೆ ಮಾತ್ರ ಹೋಗಿರಲಿಲ್ಲ. ಫೋನಿನಲ್ಲಿ ಪಾಠ ನೋಡುತ್ತ, ನನ್ನ ಮೇಲೆ ಟೈಪು ಮಾಡುತ್ತ, ಎಂಟು ತಿಂಗಳಲ್ಲಿ ಪ್ರೋಗ್ರಾಂ ಬರೆಯುವುದನ್ನು ತಾನೇ ಕಲಿತಳು.

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಹಂಪಿಹೊಳಿ ಸರ್ ಒಮ್ಮೆ ಹೆಂಡತಿಯ ಸೀರೆ ಒಯ್ಯಲು ಬಂದವರು ಪರದೆಯ ಮೇಲೆ ಅವಳು ಬರೆದ ಪ್ರೋಗ್ರಾಂ ನೋಡಿ ಬೆರಗಾದರು. ಜೂನ್ ಮೊದಲ ಸೋಮವಾರ ಹೊಸ ಬ್ಯಾಚು ಶುರುವಾಗುತ್ತದೆ, ಕಲಿಸಲು ಒಬ್ಬರು ಬೇಕು ಅಂದರು. ಆದರೆ ಒಂದು ಷರತ್ತು. ಪಾಠ ನೋಡಿ ನಕಲು ಮಾಡಿದ್ದು ಬೇಡ, ನೀವೇ ಯೋಚಿಸಿ ಮಾಡಿದ ಒಂದು ಪ್ರೋಗ್ರಾಂ ತೋರಿಸಿ. ಅದನ್ನು ನಿಮ್ಮನ್ನು ಬಿಟ್ಟು ನಾಲ್ಕು ಜನ ಬಳಸುತ್ತಿರಬೇಕು. ಅಷ್ಟಾದರೆ ಕೆಲಸ ನಿಮ್ಮದೇ ಎಂದರು.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ. ದಾಕ್ಷಾಯಣಿಗೆ ಬರೆಯಲು ಬರುತ್ತಿತ್ತು, ಏನು ಬರೆಯಬೇಕೆಂದೇ ತಿಳಿಯುತ್ತಿರಲಿಲ್ಲ. ಕೂಡಿಸಿ ಕಳೆಯುವ ಯಂತ್ರ ಮಾಡಿದ್ದಳು, ಮನಸ್ಸಿನಲ್ಲಿರುವ ಅಂಕಿ ಊಹಿಸುವ ಆಟ ಮಾಡಿದ್ದಳು. ಎಲ್ಲ ಪಾಠದವರು ಹೇಳಿಕೊಟ್ಟದ್ದೇ. ಪಾಠ ಮುಚ್ಚಿ ಖಾಲಿ ಪರದೆಯ ಮುಂದೆ ಕೂತರೆ ಕೈ ಮೇಲೇಳುತ್ತಿರಲಿಲ್ಲ, ಕೆಳಗೆ ಬಲಗಾಲು ಮಾತ್ರ ಒಂದೇ ಸಮನೆ ತುಳಿಯುತ್ತಿತ್ತು. ಪ್ರೋಗ್ರಾಂ ಏನಾದರೂ ಬೇಕೇ ಎಂದು ಹಿಟ್ಟಿನ ಗಿರಣಿಯವನನ್ನು ಕೇಳಿದಳು. ಯಾರ ಡಬ್ಬಿ ಯಾವುದೆಂದು ನನಗೆ ಗೊತ್ತೇ ಇದೆ ಎಂದು ಅವನು ನಕ್ಕ. ಅಂಗನವಾಡಿ ಟೀಚರನ್ನು ಕೇಳಿದಳು. ಇರುವ ಆ್ಯಪ್‌ಗಳೇ ಸಾಕಾಗಿವೆ, ಇನ್ನೊಂದು ತಂದು ಹೊರಿಸಬೇಡ ಎಂದು ಆಕೆ ಕೈ ಮುಗಿದಳು. ಲೋಕದಲ್ಲಿ ಯಾರಿಗೂ ತಾನು ಬೇಡವೇನೋ ಅನ್ನಿಸಿ ಒಂದು ಮಧ್ಯಾಹ್ನ ದಾಕ್ಷಾಯಣಿ ಮೇಜಿಗೆ ಹಣೆ ಹಚ್ಚಿ ಅತ್ತಳು. ಆ ಕಣ್ಣೀರೂ ಮೇಜಿನ ಅಂಚಿನಿಂದ ತಟತಟ ನನ್ನ ತಲೆಯ ಮೇಲೇ ಬಿತ್ತು.

ಬೇಕಾದದ್ದು ಬಾಗಿಲಲ್ಲೇ ಇತ್ತು. ಆ ಊರಿನಲ್ಲಿ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ, ಒಮ್ಮೊಮ್ಮೆ ಹತ್ತು ದಿನಕ್ಕೆ. ಸೀರೆ ಕೊಡಲು ಬಂದವರೂ ಒಯ್ಯಲು ಬಂದವರೂ ಮೊದಲು ಕೇಳುತ್ತಿದ್ದುದು ನಳ ಯಾವಾಗ ಎಂದೇ. ಆ ದಿನ ಗೊತ್ತಾಗುವುದು ಯಾಕೆ ಮುಖ್ಯ ಅಂದರೆ, ನೀರು ಬರುವ ಹಿಂದಿನ ದಿನ ಹೆಂಗಸರು ಬ್ಯಾರಲಿನ ತಳದಲ್ಲಿ ಉಳಿದ ಹಳೇ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಬೋರಲು ಹಾಕಬೇಕು. ತೊಳೆಯದೆ ತುಂಬಿದರೆ ಹುಳು ಆಗುತ್ತವೆ. ಮೊದಲೇ ಚೆಲ್ಲಿ ನೀರು ಬಾರದಿದ್ದರೆ ಗತಿಯಿಲ್ಲ.

ದಾಕ್ಷಾಯಣಿ ಓಣಿಯ ಮನೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರುಗಳನ್ನು, ಹೋದ ವರ್ಷದವನ್ನೂ ಸೇರಿಸಿ, ಇಳಿಸಿ ತಂದಳು. ನೀರು ಬಂದ ದಿನಕ್ಕೆ ಎಲ್ಲರೂ ಒಂದು ಗುಂಡು ಸುತ್ತಿರುತ್ತಾರೆ. ಹನ್ನೊಂದು ತಿಂಗಳ ಗುಂಡುಗಳೆಲ್ಲ ನನ್ನ ಹೊಟ್ಟೆ ಸೇರಿದವು. ಹಿಂದಿನ ಅಂತರಗಳನ್ನು ನೋಡಿ ಮುಂದಿನ ದಿನ ಯಾವುದೆಂದು ಹೇಳುವ ಪ್ರೋಗ್ರಾಂ ಬರೆದಳು. ಯಾರದೂ ನೋಡಿ ಬರೆದದ್ದಲ್ಲ, ಅವಳದೇ. ಅಂದು ಅವಳ ಕಾಲು ಎರಡೂ ನೆಲದ ಮೇಲೆ ನಿಂತಿದ್ದವು, ಅಲುಗಲಿಲ್ಲ. ನನಗೂ ಏನು ಖುಷಿ ಅಂತೀರಿ.

ಪರದೆಯನ್ನು ಬೀದಿಯ ಕಡೆ ತಿರುಗಿಸಿ ಇಟ್ಟಳು. ದೊಡ್ಡ ಅಕ್ಷರದಲ್ಲಿ ‘ಮುಂದಿನ ನಳ ಮಂಗಳವಾರ’ ಎಂದು ಬಂತು, ಮಂಗಳವಾರವೇ ನೀರು ಬಂತು. ಆಮೇಲೆ ಗುರುವಾರ ಅಂದಿತು, ಅದೂ ಸರಿಯಾಯಿತು. ಮೂರನೆಯ ಸಲವೂ ತಪ್ಪಲಿಲ್ಲ. ದಾಕ್ಷಾಯಣಿ ಅತ್ತಿ ಎಂದೇ ಕರೆಯುವ ಪಕ್ಕದ ಮನೆಯ ಫಕ್ಕೀರವ್ವ ದಿನಾ ಬೆಳಿಗ್ಗೆ ಬಂದು ಪರದೆ ನೋಡಿಕೊಂಡು ಹೋಗತೊಡಗಿದಳು. ನಾಲ್ಕು ಜನ ಎಲ್ಲಿ, ನಲವತ್ತು ಮನೆಯವರು ನೋಡುತ್ತಿದ್ದರು. ಬ್ಯಾಚು ಶುರುವಾಗುವ ಸೋಮವಾರ ಬಂದೇ ಬರುತ್ತೇನೆಂದು ದಾಕ್ಷಾಯಣಿ ಸರ್‌ಗೆ ಫೋನು ಮಾಡಿದಳು.

ನಾಲ್ಕನೆಯ ಸಲ ಪರದೆ ‘ಮುಂದಿನ ನಳ ಶನಿವಾರ’ ಅಂದಿತು. ಶುಕ್ರವಾರ ಸಂಜೆ ಓಣಿಯ ತುಂಬ ನಾರು ತಿಕ್ಕುವ ಸದ್ದು. ಫಕ್ಕೀರವ್ವ ಎರಡು ಬ್ಯಾರಲ್, ಒಂದು ಹಂಡೆ, ಎಲ್ಲವನ್ನೂ ಬರಿದು ಮಾಡಿ ಬೋರಲು ಹಾಕಿದಳು. ಅವಳ ಮನೆಯಲ್ಲಿ ಮಗಳು ನಿರ್ಮಲಾ ಬಾಣಂತಿ, ಕೂಸಿಗೆ ಹನ್ನೆರಡು ದಿನ. ನಮ್ಮ ಬಾಗಿಲ ಪಕ್ಕದ ಕಟ್ಟೆಯ ಮೇಲೂ ಒಂದು ನೀಲಿ ಬ್ಯಾರಲ್ ಇತ್ತು. ನಾನಿದ್ದ ಜಾಗದಿಂದ ಕಾಣುತ್ತಿರಲಿಲ್ಲ. ಅದರ ಮುಚ್ಚಳ ತೆಗೆದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಮುಚ್ಚಳ ಹಾಕಿದ ಸದ್ದು ಕೇಳಿತು. ನೀರು ಚೆಲ್ಲಿದ ಸದ್ದು ಬರಲಿಲ್ಲ. ನನ್ನ ತಗಡು ಗಡಗಡ ಅನ್ನತೊಡಗಿತು.

ಶನಿವಾರ ನೀರು ಬರಲಿಲ್ಲ. ಮಧ್ಯಾಹ್ನದವರೆಗೂ ನಳದ ಕೆಳಗೆ ಕೊಡಗಳು ಸಾಲಾಗಿ ಕೂತಿದ್ದವು. ದಾಕ್ಷಾಯಣಿ ಪ್ರೋಗ್ರಾಮನ್ನು ಮತ್ತೆ ಓಡಿಸಿದಳು, ಇನ್ನೊಮ್ಮೆ ಓಡಿಸಿದಳು, ಒಂದೊಂದು ಸಾಲನ್ನೂ ಓದಿದಳು. ಎಲ್ಲಿಯೂ ತಪ್ಪಿಲ್ಲ. ನಾನಾದರೂ ಏನು ಮಾಡಲಿ? ಕೂಡಿಸು ಅಂದರೆ ಕೂಡಿಸುತ್ತೇನೆ, ಭಾಗಿಸು ಅಂದರೆ ಭಾಗಿಸುತ್ತೇನೆ. ಊರಿಗೆ ನೀರೆತ್ತುವ ಹೊಳೆಯ ದಂಡೆಯ ಮೋಟರು ಸುಟ್ಟುಹೋದದ್ದು ನನ್ನ ಹೊಟ್ಟೆಯಲ್ಲಿ ಎಲ್ಲಿಂದ ಬರಬೇಕು?

ಓಣಿಗಳಿಗೆ ನೀರು ಬಿಡುವವನು ಹುಸೇನಸಾಬ. ಸೈಕಲ್ಲಿಗೆ ವಾಲ್ವ್ ತೆರೆಯುವ ಉದ್ದದ ಕಬ್ಬಿಣದ ಕೀಲಿ ಕಟ್ಟಿಕೊಂಡು ತಿರುಗುತ್ತಿದ್ದ. ದಾಕ್ಷಾಯಣಿ ಓಡಿಹೋಗಿ ಅವನನ್ನು ಬಾಗಿಲಿಗೆ ಕರೆತಂದು ಕೇಳಿದಳು. ಮೋಟರು ಬುಧವಾರವೇ ಸುಟ್ಟಿದೆ, ರಿಪೇರಿಯಾಗಲು ಇನ್ನೂ ಐದು ದಿನ ಬೇಕು ಎಂದ ಅವನು.

“ಮೊದಲ ದಾರಿಯಾಗ ನಿಲ್ಲಿಸಿ ಕೇಳ್ತಿದ್ರಿ. ಈ ಟೀವಿ ಇಟ್ಟ ಮ್ಯಾಲ ನನ್ನ ಯಾರೂ ಕೇಳವಲ್ರು ಯವ್ವಾ. ಕೇಳಿದ್ರ ಗುರುವಾರನ ಹೇಳ್ತಿದ್ದೆ.”

ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಟಿತು.

ಭಾನುವಾರ ಬೆಳಿಗ್ಗೆ ಫಕ್ಕೀರವ್ವ ಕೊಡ ಹಿಡಿದು ಬಂದಳು. ಕೂಸಿಗೆ ಎರೆಯಲೂ ನೀರಿಲ್ಲ, ತಳದಲ್ಲಿ ಏನಾದರೂ ಉಳಿದಿದ್ದರೆ ಅರ್ಧ ಕೊಡ ಕೊಡು ಎಂದು ಕೇಳಿದಳು. ದಾಕ್ಷಾಯಣಿ ಏಳುವುದರೊಳಗೆ ತಾನೇ ಮುಚ್ಚಳ ತೆಗೆದಳು. ಬಾಗಿಲಲ್ಲಿ ಎರಡು ಜೊತೆ ಕಾಲುಗಳು ಎದುರುಬದುರು ನಿಂತದ್ದಷ್ಟೇ ನನಗೆ ಕಂಡಿತು.

“ನೀ ಚೆಲ್ಲಿಲ್ಲ,” ಅಂದಳು ಫಕ್ಕೀರವ್ವ.

“ಅಂಜಿಕಿ ಆತು ಅತ್ತಿ.”

“ನಿನಗ ಅಂಜಿಕಿ ಇತ್ತಂದ್ರ, ನಮಗ್ಯಾಕ ಹೇಳಿದಿ?”

ದಾಕ್ಷಾಯಣಿಯ ಕಾಲ್ಬೆರಳುಗಳು ನೆಲ ಕೆರೆದವು. ಫಲಿತಾಂಶದ ದಿನ ಕೂಡ ಅಂಥ ಕಾಲು ನೋಡಿರಲಿಲ್ಲ ನಾನು. ಬ್ಯಾರಲಿನಲ್ಲಿದ್ದದ್ದು ಏಳು ಕೊಡ ನೀರು. ಏಳನ್ನೂ ಅವಳೇ ಹೊತ್ತು ಬಾಣಂತಿಯ ಮನೆಗೆ ಹಾಕಿ ಬಂದಳು. ಫಕ್ಕೀರವ್ವ ಬೇಡವೆನ್ನಲಿಲ್ಲ. ದಾಕ್ಷಾಯಣಿ ಒಳಗೆ ಬಂದು ಪರದೆಯನ್ನು ಗೋಡೆಯ ಕಡೆ ತಿರುಗಿಸಿದಳು.

ಸೋಮವಾರ ಹನ್ನೊಂದಕ್ಕೆ ಹಂಪಿಹೊಳಿ ಸರ್ ಫೋನು ಬಂತು. ಎಲ್ಲಿದ್ದೀರಿ, ಹುಡುಗರು ಬಂದು ಕೂತಿದ್ದಾರೆ, ನಾಲ್ಕು ಜನ ಬಳಸುತ್ತಿದ್ದರೆ ಸಾಕು, ಬನ್ನಿ ಎಂದು ಅವಸರ ಮಾಡಿದರು. ಹೋಗಲಿ ಎಂದೇ ನನ್ನಾಸೆ; ಹದಿನಾರು ವರ್ಷ ಕಾದವಳು. ಅಲ್ಲಿ ಯಾರು ಬಂದು ಬ್ಯಾರಲ್ ನೋಡುತ್ತಾರೆ?

“ನಾಲ್ಕು ಮಂದಿ ಅಲ್ರಿ ಸರ್, ನಲವತ್ತು ಮನಿಯವ್ರು ನಂಬ್ಯಾರ,” ಅಂದಳು ದಾಕ್ಷಾಯಣಿ. “ಅದಕ್ಕ ನಾ ಬರೂದಿಲ್ಲ.”

ಸರ್‌ಗೆ ಏನು ಅರ್ಥವಾಯಿತೋ ಕಾಣೆ. ಆ ಬ್ಯಾಚಿಗೆ ಬೇರೆಯವರನ್ನು ಇಟ್ಟುಕೊಂಡರು.

ಗುರುವಾರ ನೀರು ಬಂತು. ಅದೇ ದಿನ ಅವಳು ಹಳೆಯ ಪ್ರೋಗ್ರಾಮನ್ನು ಅಳಿಸಿ ಹೊಸದು ಬರೆಯಲು ಕೂತಳು. ಇದರಲ್ಲಿ ಊಹೆಯಿಲ್ಲ. ಹುಸೇನಸಾಬ ದಿನಾ ಸಂಜೆ ಸೈಕಲ್ ನಿಲ್ಲಿಸಿ, ಇವತ್ತು ಯಾವ ಓಣಿಗೆ ಬಿಟ್ಟೆ, ಊರ ನೀರಿನ ಟಾಕಿಯಲ್ಲಿ ಎಷ್ಟು ಉಳಿದಿದೆ ಎಂದು ಹೇಳಿ ಹೋಗುತ್ತಾನೆ. ಇವಳು ಅದನ್ನು ತುಂಬುತ್ತಾಳೆ. ಸರದಿಯಲ್ಲಿ ನಮಗಿಂತ ಮುಂದೆ ಇನ್ನೂ ಎಷ್ಟು ಓಣಿ ಇವೆ ಎಂದಷ್ಟೇ ಪರದೆ ಹೇಳುತ್ತದೆ. ಪರದೆಯನ್ನು ಮತ್ತೆ ಬೀದಿಗೆ ತಿರುಗಿಸಿದಳು. ಯಾರೂ ನೋಡಲಿಲ್ಲ. ಫಕ್ಕೀರವ್ವ ಆ ಕಡೆ ಮುಖ ತಿರುಗಿಸಿಕೊಂಡೇ ದಾಟುತ್ತಿದ್ದಳು.

ಅಷ್ಟರಲ್ಲಿ ನನ್ನ ಆಯುಸ್ಸು ಮುಗಿಯಿತು. ಮೊದಲ ಮಳೆಯ ದಿನ ಕರೆಂಟು ಏರಿಳಿದು, ಹೊಟ್ಟೆಯಲ್ಲಿ ಚಟ್ ಎಂದಿತು, ಸುಟ್ಟ ವಾಸನೆ ಬಂತು. ಅಷ್ಟೇ. ಪ್ರೋಗ್ರಾಮನ್ನು ಅವಳು ಪೆನ್‌ಡ್ರೈವಿನಲ್ಲಿ ಇಟ್ಟಿದ್ದಳು, ಪುಣ್ಯ. ವಿರೂಪಾಕ್ಷಿ ಮಿಲ್ಲಿನ ಕ್ಲಾರ್ಕನ ಹಳೇ ಲ್ಯಾಪ್‌ಟಾಪ್ ತಂದುಕೊಟ್ಟ. ನನ್ನನ್ನು ಗುಜರಿಗೆ ಹಾಕಲು ಮನಸ್ಸಾಗದೆ ಬಾಗಿಲ ಮೂಲೆಯಲ್ಲಿ ಇಟ್ಟರು. ಈಗ ನನ್ನ ತಲೆಯ ಮೇಲೆ ದಾರದ ರೀಲುಗಳು. ಇಲ್ಲಿಂದ ಕಟ್ಟೆ ಕಾಣುತ್ತದೆ, ಬ್ಯಾರಲ್ ಕಾಣುತ್ತದೆ, ಮೊದಲ ಸಲ ಜನರ ಮುಖವೂ ಕಾಣುತ್ತದೆ. ಪ್ರೋಗ್ರಾಮಿನ ಒಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ನನಗಿನ್ನು ಗೊತ್ತಾಗುವುದಿಲ್ಲ. ಓಣಿಯವರಿಗೆ ಎಷ್ಟು ಗೊತ್ತೋ ನನಗೂ ಅಷ್ಟೇ. ಹೊರಗೆ ನಿಂತು ನಂಬುವುದು ಎಂಥ ಕಷ್ಟದ ಕೆಲಸ ಎಂದು ಈಗ ತಿಳಿಯುತ್ತಿದೆ.

ಇವತ್ತು ಸಂಜೆ ಹುಸೇನಸಾಬ ಬಂದು ಹೋದ ಮೇಲೆ ದಾಕ್ಷಾಯಣಿ ಬಹಳ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪರದೆಯ ಮೇಲೆ ‘ಇನ್ನು ನಮ್ಮದೇ ಓಣಿ’ ಎಂದಿತ್ತು. ಹೆಂಗಸರು ಕಟ್ಟೆಗಳ ಮೇಲೆ ಕೂತಿದ್ದರು, ಬ್ಯಾರಲ್ ತೊಳೆಯಲು ಯಾರೂ ಏಳಲಿಲ್ಲ. ಅವಳು ಎದ್ದು ಹೊರಗೆ ಹೋದಳು. ಬ್ಯಾರಲಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಎರಡೂ ಕೈಯಿಂದ ಅದರ ಅಂಚು ಹಿಡಿದು, ಎಲ್ಲರ ಎದುರು, ಬೀದಿಗೆ ಬಗ್ಗಿಸಿಬಿಟ್ಟಳು.

ನೀರು ಕಟ್ಟೆಯಿಂದ ಇಳಿದು ಫಕ್ಕೀರವ್ವನ ಹೊಸ್ತಿಲ ಮುಂದೆ ಹರಿಯಿತು. ಫಕ್ಕೀರವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

“ಎಲ್ಲಾ ಚೆಲ್ಲಿದೇನ?”

“ಒಂದು ಚರಿಗಿನೂ ಉಳಿಸಿಲ್ಲ ಅತ್ತಿ.”

ಫಕ್ಕೀರವ್ವ ಒಳಗೆ ಹೋದಳು. ದಾಕ್ಷಾಯಣಿ ಖಾಲಿ ಬ್ಯಾರಲಿಗೆ ಒರಗಿ ಕೂತಳು, ಬಲಗಾಲು ತುಳಿಯತೊಡಗಿತು. ತುಸು ಹೊತ್ತಿಗೆ ಪಕ್ಕದ ಮನೆಯಿಂದ ನಾರು ತಿಕ್ಕುವ ಸದ್ದು ಬಂತು. ಆಮೇಲೆ ಎದುರಿನ ಮನೆಯಿಂದ ಬಂತು. ನಾಳೆ ನೀರು ಬರುತ್ತದೋ ಇಲ್ಲವೋ, ನನಗೆ ಹೆದರಿಕೆಯಾಗುತ್ತಿದೆ. ಬಾರದಿದ್ದರೆ ಈ ಓಣಿಯಲ್ಲಿ ಮೊದಲು ಬಾಯಾರುವವಳು ದಾಕ್ಷಾಯಣಿ.