ಹರಿದದ್ದು ಕಂಡ ಮೇಲೆ

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಚಾಳಿ. ಹರಿದ ಎಳೆ ಕಣ್ಣಿಗೆ ಬಿದ್ದರೆ ಮುಗಿಯಿತು, ಕೈ ತಾನಾಗಿ ಅತ್ತ ಹೋಗುತ್ತದೆ. ಎಲ್ಲಿ ಹರಿದಿದೆ ಎಂದು ಹುಡುಕುವುದೇ ಕಷ್ಟ. ಕಂಡ ಮೇಲೆ ಕೂಡಿಸುವುದಕ್ಕೆ ಎಷ್ಟು ಹೊತ್ತು? ಬೆರಳಿನಲ್ಲಿ ಒಂದು ತಿರುವು, ಆಯಿತು. ಗಜೇಂದ್ರಗಡದ ಸಾವಕ್ಕನ ಮನೆಯಲ್ಲಿ ಇದು ಯಾರೂ ಕಲಿಸದೆ ಬಂದ ವಿದ್ಯೆ. ಇದೇ ವಿದ್ಯೆ ಆ ಮನೆಯನ್ನು ಎಂಥ ಇಕ್ಕಟ್ಟಿಗೆ ತಂದು ನಿಲ್ಲಿಸಿತು ಎಂದು ನೆನೆದರೆ ವಿಜಯಲಕ್ಷ್ಮಿಗೆ ಈಗಲೂ ಊಟ ಸೇರುವುದಿಲ್ಲ.

ವಿಜಯಲಕ್ಷ್ಮಿ ಸಾವಕ್ಕನ ಮಗಳ ಮಗಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವಳೂ ಅವಳ ಅಕ್ಕ ಅನ್ನಪೂರ್ಣೇಶ್ವರಿಯೂ ಅಜ್ಜಿಯ ಮಡಿಲಲ್ಲೇ ಬೆಳೆದರು. ಅಕ್ಕ ಮದುವೆಯ ವಯಸ್ಸಿಗೆ ಬಂದಾಗ ಸಾವಕ್ಕ ವರ ಹುಡುಕುವ ಗೊಡವೆಗೇ ಹೋಗಲಿಲ್ಲ. ಸೋದರಮಾವ ಎದುರಿಗೇ ಇರುವಾಗ ಹೊರಗಿನವನಿಗೆ ಯಾಕೆ ಕೊಡಬೇಕು, ಮನೆಯ ಹುಡುಗಿ ಮನೆಯಲ್ಲೇ ಇರಲಿ ಎಂದು ತನ್ನ ಮಗ ಮಹಾದೇವಪ್ಪನಿಗೇ ತಂದುಕೊಂಡಳು. ಓಣಿಯೆಲ್ಲ ಮೆಚ್ಚಿಕೊಂಡಿತು. ತಂಗಿ ಮಾತ್ರ ಹಠ ಹಿಡಿದು ಧಾರವಾಡಕ್ಕೆ ಹೋಗಿ ಪ್ರೋಟೀನುಗಳ ಮೇಲೆ ಸಂಶೋಧನೆಗೆ ಕುಳಿತಳು.

"ಅಲ್ಲೇ ಏನ ಮಾಡ್ತೀಯವಾ ದಿನಾ?" ಎಂದು ಸಾವಕ್ಕ ಒಮ್ಮೆ ಕೇಳಿದ್ದಳು.

"ಪ್ರೋಟೀನ್ ಅಂದ್ರ ಮಣಿಸರ ಇದ್ದಂಗ, ಆಯಿ. ಒಂದೊಂದು ಮಣಿಗೆ ಅಮೈನೊ ಆಮ್ಲ ಅಂತಾರ. ಆ ಸರ ಸುತ್ತಿಕೊಂಡು ಉಂಡಿ ಆಕ್ಕೈತಿ. ದೂರ ಇದ್ದ ಮಣಿಗೋಳು ಮಗ್ಗಲಾ ಬಂದು ಒಂದನ್ನೊಂದು ಹಿಡಕೊಂತಾವ. ಯಾವುದು ಯಾವುದನ್ನ ಹಿಡಕೊಂಡೈತಿ ಅಂತ ಕಂಪ್ಯೂಟರಿನ್ಯಾಗ ಅಳದು ನೋಡ್ತೇನಿ."

"ಯಾರ ಮಗ್ಗಲಾ ಯಾರು ಕುಂತಾರ ಅಂತ ನೋಡಾಕ ಇಷ್ಟ ಓದಬೇಕೇನ? ಮದುವಿ ಮನ್ಯಾಗ ನಾ ಕುಂತಲ್ಲೇ ಹೇಳ್ತೇನಿ ನೋಡ," ಎಂದು ಸಾವಕ್ಕ ನಕ್ಕಿದ್ದಳು. ಆಗ ಆ ಮನೆಯಲ್ಲಿ ನಗು ಇತ್ತು.

ಅಕ್ಕನ ಮಗಳು ಶ್ವೇತಾ ಎರಡು ತುಂಬುವ ತನಕ ಎಲ್ಲ ಮಕ್ಕಳಂತೆಯೇ ಇದ್ದಳು. ಮಗ್ಗದ ಕುಣಿಯಲ್ಲಿ ಇಳಿದು ಅಪ್ಪನ ಕಾಲು ಹಿಡಿದು ಎಳೆಯುವಳು, ಲಾಳಿ ಕದ್ದು ಓಡುವಳು. ಆಮೇಲೆ ಓಡುವವಳು ಎಡವತೊಡಗಿದಳು, ಎಡವುವವಳು ಕೂತಳು, ಕೂತವಳಿಗೆ ಕೂರುವುದೂ ಆಗದೆ ಹೋಯಿತು. ಮೂರ್ಛೆ ಬರತೊಡಗಿತು. ರೋಣ, ಗದಗ, ಹುಬ್ಬಳ್ಳಿ ಎಂದು ದವಾಖಾನೆಗಳನ್ನು ಸುತ್ತಿದ್ದಾಯಿತು, ದೃಷ್ಟಿ ತೆಗೆಸಿದ್ದಾಯಿತು. ಕೊನೆಗೆ ವಿಜಯಲಕ್ಷ್ಮಿಯೇ ಮುಂದೆ ನಿಂತು ಮಗುವಿನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದಳು.

ಉತ್ತರ ಬಂದಾಗ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿದುಳಿನ ಕಸ ತೆಗೆಯುವ ಒಂದು ಪ್ರೋಟೀನು. ಅದರಲ್ಲಿ ಅರ್ಜಿನೈನ್ ಎಂಬ ಮಣಿ ಇರಬೇಕಾದ ಕಡೆ ಟ್ರಿಪ್ಟೊಫಾನ್ ಬಂದು ಕೂತಿತ್ತು. ಅರ್ಜಿನೈನು ಎದುರಿನ ಮಡಿಪಿನಲ್ಲಿರುವ ಆಸ್ಪಾರ್ಟೇಟ್ ಎಂಬ ಮಣಿಯನ್ನು ಹಿಡಿದುಕೊಳ್ಳುತ್ತದೆ. ಆ ಒಂದು ಹಿಡಿತದ ಮೇಲೆ ಇಡೀ ಉಂಡೆ ನಿಂತಿರುತ್ತದೆ. ಹೊಸದಾಗಿ ಬಂದದ್ದಕ್ಕೆ ಹಿಡಿಯುವ ಕೈಯೇ ಇಲ್ಲ. ಉಂಡೆ ಸಡಿಲಾಗುತ್ತದೆ, ಸಡಿಲಾದದ್ದನ್ನು ಜೀವಕೋಶ ಮುರಿದು ಎಸೆಯುತ್ತದೆ, ಮಿದುಳಿನಲ್ಲಿ ಕಸ ತುಂಬುತ್ತದೆ. ಇಷ್ಟು ಚೊಕ್ಕವಾಗಿ ಗೊತ್ತಾಯಿತು. ಔಷಧ ಮಾತ್ರ ಇರಲಿಲ್ಲ. ಇಂಥ ಎಷ್ಟೋ ಹಿಡಿತಗಳನ್ನು ಅವಳು ಕಾಫಿ ಕುಡಿಯುತ್ತ ಎಣಿಸಿದ್ದಳು. ಇದನ್ನು ನೋಡುವಾಗ ಬಚ್ಚಲಿಗೆ ಹೋಗಿ ಅತ್ತು ಬಂದಳು.

ಯುಗಾದಿಗೆ ಊರಿಗೆ ಬಂದಾಗ ಮನೆಯವರಿಗೆ ತಿಳಿಸಲೇಬೇಕಾಯಿತು. ಲ್ಯಾಪ್‌ಟಾಪನ್ನು ಮಗ್ಗದ ಪಕ್ಕದ ಕಟ್ಟೆಯ ಮೇಲಿಟ್ಟು ಆ ಪ್ರೋಟೀನಿನ ಚಿತ್ರ ತೆರೆದಳು. ಮಹಾದೇವಪ್ಪ, ಸಾವಕ್ಕ, ಮಗುವನ್ನು ಹೆಗಲಿಗೆ ಹಾಕಿಕೊಂಡ ಅನ್ನಪೂರ್ಣೇಶ್ವರಿ, ಮೂವರೂ ಬಗ್ಗಿ ನೋಡಿದರು.

"ಇಲ್ಲಿ ನೋಡ ಮಾಮಾ, ಇಲ್ಲೇ ಕೈ ಬಿಟ್ಟೈತಿ," ಎಂದು ಬೆರಳಿಟ್ಟು ತೋರಿಸಿದಳು.

"ಮೊದಲ ಹ್ಯಾಂಗ ಇರಬೇಕಾಗಿತ್ತು?" ಎಂದ ಮಹಾದೇವಪ್ಪ.

ಅವಳು ಟ್ರಿಪ್ಟೊಫಾನನ್ನು ಅಳಿಸಿ ಅರ್ಜಿನೈನನ್ನು ಮರಳಿ ಕೂರಿಸಿದಳು. ಎರಡರ ನಡುವೆ ಹಳದಿ ಚುಕ್ಕೆಗಳ ಗೆರೆ ಮೂಡಿತು.

"ಕೂಡಿತು!" ಎಂದ ಮಹಾದೇವಪ್ಪ. ಹರಿದ ಎಳೆ ಕೂಡಿದಾಗ ಅವನು ಯಾವಾಗಲೂ ಅನ್ನುವ ಮಾತು ಅದೇ.

"ಇದು ಬರೇ ಚಿತ್ರ ಮಾಮಾ," ಎಂದಳು ವಿಜಯಲಕ್ಷ್ಮಿ. ಆದರೆ ಅಷ್ಟು ಹೊತ್ತಿಗೆ ಸಾವಕ್ಕ ಪರದೆಗೆ ಕೈಮುಗಿದಿದ್ದಳು, ಅಕ್ಕ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಕಂಡ ಆ ನಗುವನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗಿದ್ದೀತು? ಹೊರಡುವ ಮುಂಚೆ ಅಕ್ಕನನ್ನು ಅಡುಗೆಮನೆಗೆ ಕರೆದು, "ಇನ್ನೊಂದು ಕೂಸು ಬೇಕು ಅನಿಸಿದ್ರ ಮೊದಲ ನನಗ ಹೇಳು. ನಿಮ್ಮಿಬ್ಬರ ರಕ್ತದಾಗೂ ಇದು ಐತಿ, ಒಂದ ಮನಿ ರಕ್ತ ಅಲ್ಲೇನು. ಬಸಿರಾದ ಕೂಡಲೇ ಲಗೂನ ಪರೀಕ್ಷೆ ಮಾಡಸೂನು," ಎಂದಳು. ಅಕ್ಕ ಹೂಂ ಎಂದು ತಲೆಯಾಡಿಸಿದಳು.

ಅದೇ ತಿಂಗಳು ಹುಬ್ಬಳ್ಳಿಯ ವೈದ್ಯರು ಮೂರ್ಛೆಯ ಔಷಧ ಬದಲಿಸಿದ್ದರು. ಅದರಿಂದ ಮಗುವಿಗೆ ಫಿಟ್ಸು ತುಸು ಕಡಿಮೆಯಾಯಿತು. ಮನೆಯವರು ಔಷಧವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ವಿಜಿ ಎಳೆ ಕೂಡಿಸಿದಳು, ಮಗು ಚೇತರಿಸಿಕೊಳ್ಳುತ್ತಿದೆ ಎಂದು ಓಣಿಯ ತುಂಬ ಸುದ್ದಿಯಾಯಿತು. ನೆರೆಮನೆಯ ಬೀಬಿಜಾನ ಕೂಡ ಸಕ್ಕರೆ ಹಂಚಿದಳಂತೆ. ಧಾರವಾಡದಲ್ಲಿದ್ದವಳ ಕಿವಿಗೆ ಇದೊಂದೂ ಬೀಳಲಿಲ್ಲ. ಫೋನು ಮಾಡಿದಾಗಲೆಲ್ಲ ಅಕ್ಕ "ಚಲೋ ಅದೇವಿ" ಎಂದು ಇಟ್ಟುಬಿಡುವಳು.

ದೀಪಾವಳಿಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಕ್ಕ ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದು ಬಂದಳು. ಹೊಟ್ಟೆ ಮುಂದೆ ಬಂದಿತ್ತು.

"ಎಷ್ಟು ತಿಂಗಳಕ್ಕಾ?"

"ಆರು ಮುಗಿದಾವ. ಐದು ತುಂಬೂ ತನಕ ಬಾಯಿ ಬಿಡಬಾರದು ಅಂತ ಆಯಿ ಅಂದ್ಲು. ಆಮ್ಯಾಲ ನೀನ ಹಬ್ಬಕ್ಕ ಬರ್ತೀಯಲ್ಲ, ಎದುರಿಗೇ ಹೇಳಿದ್ರಾತು ಅಂತ ಬಿಟ್ಟೆ." ಅವಳ ಮುಖ ಅರಳಿತ್ತು.

ವಿಜಯಲಕ್ಷ್ಮಿ ಕೆಳಗೆ ಕೂತಳು. ಪರೀಕ್ಷೆಗೆ ಇದ್ದ ಕಾಲ ದಾಟಿತ್ತು. ಗರ್ಭ ತೆಗೆಸಲು ಕಾನೂನು ಕೊಟ್ಟ ಗಡುವೂ ಆಗಲೇ ಮುಗಿದಿತ್ತು. ನಾಲ್ಕರಲ್ಲಿ ಒಂದು ಪಾಲು, ಹೊಟ್ಟೆಯಲ್ಲಿರುವುದೂ ಶ್ವೇತಾಳ ದಾರಿ ಹಿಡಿಯಬಹುದು. ಅವಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅಜ್ಜಿಯ ಮೇಲೆಯೇ, ಅಕ್ಕನ ಮೇಲೆಯೇ, ಆ ಹಳದಿ ಗೆರೆಯ ಮೇಲೆಯೇ?

ಸಾವಕ್ಕ ಚಹಾ ತಂದಿಟ್ಟು, "ಕಂಪ್ಯೂಟರ್ ತಂದೀಯಿಲ್ಲೋ? ಶ್ವೇತಾಂದು ಕೂಡಿಸಿದಂಗ ಈ ಕೂಸಿಂದೂ ಒಂದ ಸಲ ನೋಡಿಬಿಡವಾ. ಹರದಿದ್ರ ಈಗ ಕೂಡಿಸು. ಹೊಟ್ಟ್ಯಾಗ ಇದ್ದಾಗ ಕೂಡಿಸಿದ್ರ ಇನ್ನೂ ಚಲೋ," ಎಂದಳು.

ಮಗ್ಗದ ಸದ್ದು ನಿಂತಿತು. ಮಹಾದೇವಪ್ಪ ಕುಣಿಯಿಂದ ಕತ್ತೆತ್ತಿ ನೋಡುತ್ತಿದ್ದ.

"ಆಯಿ, ನಾ ಏನೂ ಕೂಡಿಸಿಲ್ಲ." ವಿಜಯಲಕ್ಷ್ಮಿ ಚಹಾದ ಬಟ್ಟಲನ್ನು ದೂರ ಸರಿಸಿದಳು. "ಅದು ಬರೇ ಚಿತ್ರ. ಎಲ್ಲಿ ಬಿಟ್ಟೈತಿ ಅಂತ ಕಾಣತೈತಿ ಅಷ್ಟ. ಕೂಡ್ಸಾಕ ನನ್ನ ಕೈಲಿ ಆಗೂದಿಲ್ಲ. ಯಾರ ಕೈಲೂ ಆಗೂದಿಲ್ಲ."

"ಕಂಡಮ್ಯಾಲ ಕೂಡ್ಸಾಕ ಯಾಕ ಆಗೂದಿಲ್ಲ?" ಎಂದ ಮಹಾದೇವಪ್ಪ. ಜಗಳದ ದನಿಯಲ್ಲ ಅದು. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಮೈಯಾಗಿನ ಎಲ್ಲಾ ಕಣದಾಗೂ ಹಂಗ ಹರದೈತಿ ಮಾಮಾ. ಬೆರಳ ಹೋಗೂ ಜಾಗ ಅಲ್ಲ ಅದು."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಸಾವಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮನೆಯ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಂಡ ಮುದುಕಿ ಅಂದು ಮತ್ತೆ ಹೊರಗೆ ಬರಲಿಲ್ಲ.

ಅಕ್ಕ ಶ್ವೇತಾಳನ್ನು ತೊಡೆಗೆ ಎಳೆದುಕೊಂಡು ಕೂತಿದ್ದಳು. ಐದು ವರ್ಷದ ಮಗುವಿನ ಕಾಲುಗಳು ಚಾಪೆಯ ಮೇಲೆ ಹೇಗೆ ಬಿದ್ದಿದ್ದವೋ ಹಾಗೇ ಇದ್ದವು. ತಂಗಿಯ ಮುಖ ನೋಡದೆ ಕೇಳಿದಳು:

"ಇದಕ್ಕೂ ಐತೋ ಇಲ್ಲೋ, ಅದಾದ್ರೂ ಗೊತ್ತಾಕ್ಕೈತೇನು?"

"ಗೊತ್ತಾಕ್ಕೈತಿ. ಆದ್ರ ಈಗ ಗೊತ್ತಾದ್ರೂ ಏನೂ ಮಾಡಾಕ ಬರೂದಿಲ್ಲಕ್ಕಾ."

"ಹಂಗಾರ ನನಗ ಹೇಳಬ್ಯಾಡ."

ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಯಾಕೆ ಕೂಡಿಸಿ ತೋರಿಸಿದೆ ಎಂದು ಕೇಳಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ಅಕ್ಕ ಒಂದನ್ನೂ ಕೇಳಲಿಲ್ಲ. ಅವಳು ಒಮ್ಮೆಲೇ ನೆಟ್ಟಗೆ ಕೂತು, ತಂಗಿಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಸೀರೆಯ ಅಡಿಯಲ್ಲಿ ಪುಟ್ಟದೊಂದು ಹಿಮ್ಮಡಿ ಅಂಗೈಗೆ ಬಡಿಯಿತು, ಮತ್ತೆ ಬಡಿಯಿತು.

"ಎಷ್ಟ ಜೋರ ಒದೀತೈತಿ ನೋಡ," ಎಂದಳು ಅಕ್ಕ. "ಶ್ವೇತಾನೂ ಹಿಂಗ ಒದೀತಿದ್ಲು."

ವಿಜಯಲಕ್ಷ್ಮಿಗೆ ಕೈ ತೆಗೆಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ.