ಬೋಲ್ಟ್ ಬಿಗಿಯಾದರೆ ಬಲ ಬೇಡ

ಮಗಳ ಮದುವೆಗೆ ಜಿಂಕೆ ಮಾಂಸದ ಊಟ ಹಾಕಿಸುತ್ತೇನೆಂದು ಸ್ಟ್ರೂಅನ್ ಊರಿಗೆಲ್ಲ ಸಾರಿಬಿಟ್ಟಿದ್ದ. ಬೆಟ್ಟದಲ್ಲಿ ಗಂಡು ಜಿಂಕೆಗಳು ಗುಟುರು ಹಾಕುವ ಕಾಲವೂ ಬಂದಿತ್ತು. ಒಮ್ಮೆ ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳಿಗೆ ಶೆಡ್ಡಿನಲ್ಲಿ ಕೂತು ತಾನೇ ಮದ್ದು ತುಂಬಿ, ಗುಂಡು ಕೂರಿಸಿದ. ಅವುಗಳಿಂದ ಗುರಿ ನೋಡಿಕೊಂಡು ಬರೋಣವೆಂದು ಹೆಂಡತಿ ಇಷ್ಬೆಲ್ ಜೊತೆ ಬಂದೂಕು ಕ್ಲಬ್ಬಿನ ಮೈದಾನಕ್ಕೆ ಹೋದ.

ಮೊದಲ ತೋಟಾಕ್ಕೇ ರೈಫಲ್ಲಿನ ಬೋಲ್ಟ್, ಅಂದರೆ ತೋಟಾ ಕೂರುವ ಗೂಡನ್ನು ಹಿಂದಿನಿಂದ ಮುಚ್ಚುವ ಅಗುಳಿ, ಮುಚ್ಚಲಿಲ್ಲ. ಇನ್ನೊಂದು ಹಾಕಿದ, ಅದೂ ಅಷ್ಟೇ. ಗುದ್ದಲೆಂದು ಅಂಗೈ ಎತ್ತಿದ್ದು ಕಂಡು ಇಷ್ಬೆಲ್ ಅವನ ತೋಳು ಹಿಡಿದು ನಿಲ್ಲಿಸಿದಳು. ಅಲ್ಲಿ ಗುರಿ ಹೊಡೆಯುವುದನ್ನು ಕಲಿಸುವ ತನ್ನ ಗೆಳತಿ ರೇವಾಳನ್ನು ಕೂಗಿದಳು.

"ಕೈ ತೆಗಿ ಮಾರಾಯ," ಅಂದಳು ರೇವಾ. "ಅದೇನು ಹಳೇ ಬಾಗ್ಲಾ, ಗುದ್ದಿ ಮುಚ್ಚೋಕೆ?"

"ಸ್ವಲ್ಪ ಬಿಗಿ ಅಷ್ಟೇ ಕಣೇ. ಒಳಗೆ ಹೋದ್ರೆ ಹೊಡೆಯುತ್ತೆ."

"ಹೊಡೆಯುತ್ತೆ, ಯಾರನ್ನ ಅನ್ನೋದೇ ಗೊತ್ತಿಲ್ಲ. ಬಿಗಿ ಯಾಕೆ ಅಂತ ತಿಳಿಯೋ ತನಕ ತಳ್ಳಬಾರ್ದು."

ತೋಟಾದ ಬಾಯಿ ಉದ್ದವಾಗಿ ಗುಂಡನ್ನು ಹಿಸುಕಿ ಹಿಡಿದಿದ್ದರೆ ಒತ್ತಡ ಏರಿ ರೈಫಲ್ಲೇ ಸೀಳಬಹುದು, ಕಣ್ಣು ಕೈ ಹೋಗಬಹುದು ಎಂದು ಬಿಡಿಸಿ ಹೇಳಿದಳು. ನಳಿಗೆಯನ್ನು ಗುರಿಯ ಹಿಂದಿನ ಮಣ್ಣಿನ ದಿಬ್ಬದ ಕಡೆಗೇ ಹಿಡಿಸಿ ತೋಟಾ ಮೆಲ್ಲನೆ ಹೊರಗೆ ತೆಗೆಸಿದಳು. ಗೂಡಿನಲ್ಲಿ ಕಸವಿದೆಯೇ ಎಂದು ನೋಡಿದಳು, ಇರಲಿಲ್ಲ. ಅಂಗಡಿಯ ಹೊಸ ತೋಟಾ ಹಾಕಿ ನೋಡಿದರೆ ಬೋಲ್ಟ್ ಬೆಣ್ಣೆಯಂತೆ ಮುಚ್ಚಿತು. ಅಂದರೆ ತಪ್ಪು ರೈಫಲ್ಲಿನದಲ್ಲ.

ಆಗ ಇಷ್ಬೆಲ್‌ಗೆ ಹೊಳೆಯಿತು, ಗಂಡನನ್ನು ಕೇಳಿದಳು. "ಇವು ಖಾಲಿ ಇದ್ದಾಗ ನಿನ್ನ ತಮ್ಮ ಕೊಟ್ಟಿದ್ದಲ್ವಾ? ಅವನ ರೈಫಲ್ಲಲ್ಲಿ ಹಾರಿಸಿದ್ದು?"

ರೇವಾ ನಕ್ಕೇಬಿಟ್ಟಳು. ಹಾರಿಸಿದ ಹಿತ್ತಾಳೆ ಆ ರೈಫಲ್ಲಿನ ಗೂಡಿನ ಅಳತೆಗೇ ಉಬ್ಬಿರುತ್ತದೆ, ಸ್ಟ್ರೂಅನ್ ಅದರ ಕುತ್ತಿಗೆಯನ್ನಷ್ಟೇ ಬಿಗಿ ಮಾಡಿದ್ದ, ಉಬ್ಬಿದ ಮೈಯನ್ನು ಒತ್ತಿ ಕುಗ್ಗಿಸಿರಲಿಲ್ಲ. "ನಿನ್ನ ತಮ್ಮನ ಹೊಟ್ಟೆ ನಿನ್ನ ಮದುವೆ ಕೋಟಿನೊಳಗೆ ಹಿಡಿಸುತ್ತಾ ಹೇಳು" ಎಂದಳು. ಸ್ಟ್ರೂಅನ್‌ಗೂ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನ ಮೂವರೂ ಶೆಡ್ಡು ಸೇರಿದರು. ಅದಕ್ಕೆಂದೇ ಇರುವ ಸಲಕರಣೆಯಿಂದ ಎಲ್ಲ ತೋಟಾ ಬಿಚ್ಚಿ ಮದ್ದು ತೆಗೆದರು. ಹಿತ್ತಾಳೆಯನ್ನು ಅಚ್ಚಿನಲ್ಲಿ ಪೂರ್ತಿ ಒತ್ತಿ, ಉದ್ದ ಅಳೆದು, ಹೆಚ್ಚಿದ್ದನ್ನು ಕತ್ತರಿಸಿದರು. ಮದ್ದಿಲ್ಲದ ಖಾಲಿ ತೋಟಾವನ್ನೇ ಮೊದಲು ಗೂಡಿಗಿಟ್ಟು ನೋಡಿದರು. ಬೋಲ್ಟ್ ಒಂದೇ ಬೆರಳಿಗೆ ಮುಚ್ಚಿತು. ಸ್ಟ್ರೂಅನ್ ಹತ್ತಾರು ಸಲ ಸುಮ್ಮಸುಮ್ಮನೆ ತೆಗೆದು ಮುಚ್ಚಿ, ಕೈಗೆ ಬೊಂಬೆ ಸಿಕ್ಕ ಕೂಸಿನ ಹಾಗೆ ಕೂತಿದ್ದ.

ಆ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಸ್ಟ್ರೂಅನ್ ಬೇಟೆಯಾಡಿ ತಂದ. ಮದುವೆಯ ದಿನ ಜಿಂಕೆ ಮಾಂಸ ಎಲ್ಲರಿಗೂ ಸಾಕಾಗಿ ಮಿಕ್ಕಿತು. ತಮ್ಮನೇ ಮೂರು ಸಲ ಬಡಿಸಿಕೊಂಡ. ಇಷ್ಬೆಲ್ ಗಂಡನ ಎರಡೂ ಕೈ ಹಿಡಿದು ಕುಣಿದಳು. ಆ ಕೈಗಳು ಬೆಚ್ಚಗಿದ್ದವು, ಅವಳಿಗೆ ಅಷ್ಟು ಸಾಕಿತ್ತು.

ಬೇಟೆಗೆ ಹೊರಡುವ ಅಣ್ಣಂದಿರೇ, ಅಕ್ಕಂದಿರೇ, ತೋಟಾ ಕೂರದಿದ್ದರೆ ಗುದ್ದಬೇಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ತೋಟಾ ಹೊರತೆಗೆಯಿರಿ. ಅದೂ ಬಾರದೆ ಸಿಕ್ಕಿಕೊಂಡರೆ ಎಳೆದಾಡದೆ ಬಂದೂಕು ರಿಪೇರಿಯವರನ್ನು ಕೇಳಿ. ಜಿಂಕೆ ನಾಳೆಯೂ ಬೆಟ್ಟದಲ್ಲೇ ಇರುತ್ತದೆ. ನೀವು ಮನೆಗೆ ಬರಬೇಕು.