ತಲೆ ಎತ್ತಿದ ಒಂದೇ ಗಳಿಗೆ

ಗಿನಾ ಅಜ್ಜಿ ಮಗ ಸತ್ತ ಒಂಬತ್ತನೇ ದಿನಕ್ಕೆ ಊರವರಿಗೆ ಹಂಚುವ ಬೇಯಿಸಿದ ಗೋಧಿಯನ್ನು ಬಟ್ಟಲಲ್ಲಿ ಹಿಡಿದು ಅಂಗಡಿಗೆ ಬಂದಳು. ಮೊದಲ ಚಮಚ ಅಂಗಡಿಯ ಯಜಮಾನ ರುಸಿಗೆ. ಅವನು ಟೋಪಿ ತೆಗೆದು, ಗೋಧಿ ಬಾಯಿಗೆ ಹಾಕಿಕೊಂಡು, ಎಲ್ಲರೂ ಹೇಳುವುದನ್ನೇ ಹೇಳಿದ.

"ದೇವರು ಅವನನ್ನ ಕ್ಷಮಿಸಲಿ."

"ಕ್ಷಮಿಸ್ತಾನೆ ಬಿಡಪ್ಪ. ಕುಡಿಯೋರನ್ನ ಸೇರಿಸಲ್ಲ ಅಂದ್ರೆ ಈ ಊರಿಂದ ಸ್ವರ್ಗಕ್ಕೆ ಹೋಗೋದು ಪಾದ್ರಿ ಕತ್ತೆ ಒಂದೇ. ಪಾದ್ರೀನೂ ಹೋಗಲ್ಲ," ಎಂದಳು ಅಜ್ಜಿ.

ಸರದಿಯಲ್ಲಿ ನಿಂತವರು ನಕ್ಕು, ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು. ಅಜ್ಜಿಯ ಮಗ ದೊಂಚೋ ಕುಡಿದು, ಇದೇ ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು, ಬೆಳಗಾಗುವಷ್ಟರಲ್ಲಿ ಹಿಮದಲ್ಲಿ ಸೆಟೆದುಹೋಗಿದ್ದ. ಊರಿಗೆಲ್ಲ ತಿಳಿದದ್ದು ಅಷ್ಟೇ.

ಅಜ್ಜಿ ಗಲ್ಲಾದಲ್ಲಿ ಕೂತಿದ್ದ ವೆನೆತಾಳ ಕಡೆ ತಿರುಗಿದಳು. ವೆನೆತಾ ರುಸಿಯ ತಮ್ಮನ ಹೆಂಡತಿ. ಅವಳ ಗಂಡ ಓಡಿಸುವ ಲಾರಿಯೂ ರುಸಿಯದೇ.

"ಮಗಳೇ, ನಲವತ್ತನೇ ದಿನಕ್ಕೆ ಬಾಗಿಲಿಗೆ ಅಂಟಿಸೋ ಸಾವಿನ ಚೀಟಿಗೆ ಅವನ ಮುಖ ಬೇಕು. ಮನೇಲಿರೋದು ಅವನು ಸೈನ್ಯಕ್ಕೆ ಹೋದಾಗಿಂದು. ಅದನ್ನ ಹಾಕಿದ್ರೆ ಯಾವನೋ ಹುಡುಗ ಸತ್ತ ಅಂತಾರೆ. ನಿಮ್ಮ ಬಾಗಿಲ ಮೇಲೊಂದು ಕಣ್ಣಿದೆಯಲ್ಲ, ಅದರಲ್ಲಿ ಸಿಕ್ತಾನಾ?"

"ಅದು ಕಳ್ಳರನ್ನ ಹಿಡಿಯೋಕೆ ಅಜ್ಜಿ, ಮದುವೆ ಫೋಟೋ ತೆಗೆಯೋಕಲ್ಲ," ಎಂದ ರುಸಿ.

"ಕೊಡೋ ಮಾರಾಯ, ನಿನ್ನ ಗಂಟೇನು ಹೋಗುತ್ತೆ?" ಎಂದರು ಸರದಿಯವರು.

ರುಸಿ ಬೇರೆ ದಾರಿ ಕಾಣದೆ ವೆನೆತಾಳಿಗೆ ಸನ್ನೆ ಮಾಡಿದ. "ಹಳೇ ದಿನಗಳಲ್ಲೇ ಹುಡುಕು. ಕೊನೇ ದಿನದ್ದು ಹಿಮ ಕವಿದು ಏನೂ ಕಾಣಲ್ಲ." ಪೊಲೀಸಿನವನಿಗೂ ಅವನು ಇದನ್ನೇ ಹೇಳಿದ್ದ. ಪೊಲೀಸಿನವನು ನೋಡುವ ಗೋಜಿಗೆ ಹೋಗಿರಲಿಲ್ಲ.

ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ ಕಂಪ್ಯೂಟರ್ ಇತ್ತು. ಅದನ್ನು ಮುಟ್ಟಲು ಬರುತ್ತಿದ್ದವಳು ವೆನೆತಾ ಒಬ್ಬಳೇ. ಅವಳು ದಿನದಿನದ ಚಿತ್ರಗಳನ್ನು ಓಡಿಸಿದಳು. ದೊಂಚೋ ತಪ್ಪದೆ ಬರುತ್ತಿದ್ದ. ಆದರೆ ಮೇಲಿಂದ ನೋಡುವ ಕ್ಯಾಮೆರಾಕ್ಕೆ ಸಿಕ್ಕುತ್ತಿದ್ದುದು ಅವನ ಉಣ್ಣೆ ಟೋಪಿ ಮಾತ್ರ. ಕುಡುಕ ಕಾಲಡಿಯ ಮೆಟ್ಟಿಲು ನೋಡುತ್ತಾನೆಯೇ ಹೊರತು ಆಕಾಶ ನೋಡುತ್ತಾನೆಯೇ? ಕೊನೆಗೆ, ಇರಲಿ ಎಂದು ಕಡೆಯ ದಿನವನ್ನೂ ತೆರೆದಳು.

ಹಿಮ ಕವಿದಿರಲಿಲ್ಲ. ದೊಂಚೋ ಕೆಳಗಿನ ಮೆಟ್ಟಿಲಲ್ಲಿ ನಿಂತು ತಲೆ ಎತ್ತಿದ್ದ. ಮುಖ ಪೂರ್ತಿ ಕಾಣುತ್ತಿತ್ತು, ಏನೋ ಬೇಡುತ್ತಿದ್ದ. ಮೇಲಿನ ಮೆಟ್ಟಿಲಿನಿಂದ ರುಸಿಯ ಎರಡೂ ಕೈ ಬಂದು ಅವನೆದೆಯನ್ನು ನೂಕಿದವು. ದೊಂಚೋ ಹಿಂದಕ್ಕೆ ಬಿದ್ದ. ರುಸಿ ಆಚೀಚೆ ನೋಡಿ, ಒಳಗೆ ಹೋಗಿ ದೀಪ ಆರಿಸಿದ. ಕ್ಯಾಮೆರಾ ಕತ್ತಲಲ್ಲೂ ಬೂದುಬಣ್ಣದಲ್ಲಿ ನೋಡುತ್ತಲೇ ಇತ್ತು.

"ಸಿಕ್ತಾ?" ರುಸಿ ಹಿಂದೆಯೇ ಬಂದು ನಿಂತಿದ್ದ. ಪರದೆ ನೋಡಿದವನೇ ಬಾಗಿಲು ಮುಂದೆ ಮಾಡಿದ.

"ಭಾವ, ಇದೇನು?"

"ಬಯ್ತಿದ್ದ ಕಣೇ. ಸಾಲ ಕೊಡು ಅಂತ ಬಯ್ತಿದ್ದ. ಎದ್ದು ಹೋಗ್ತಾನೆ ಅಂದ್ಕೊಂಡೆ."

"ಏಳ್ಲಿಲ್ಲ."

"ನೀನೇನೂ ಮಾಡ್ಬೇಡ, ತಿಳೀತಾ? ಅಳಿಸೋದೂ ಬೇಡ. ಕೆಲವು ದಿನಕ್ಕೆ ಹಳೇ ಚಿತ್ರದ ಮೇಲೆ ಹೊಸದು ತಾನೇ ಕೂತು ಅಳಿಸಿಹೋಗುತ್ತೆ ಅಂತ ನೀನೇ ಹೇಳಿದ್ದಲ್ವಾ. ಮುಖ ಮಾತ್ರ ತೆಗೆದುಕೊಡು. ನಿನ್ನ ಮಕ್ಕಳು ಯಾರ ರೊಟ್ಟಿ ತಿಂತಾವೆ ಅನ್ನೋದು ನೆನಪಿರಲಿ."

ಹೊರಗೆ ಯಾರೋ ಕೂಗಿದ್ದಕ್ಕೆ ಅವನು ಹೋದ. ವೆನೆತಾ ಮುಖವನ್ನಷ್ಟೇ ಕತ್ತರಿಸಿ ಕಾಗದದ ಮೇಲೆ ತೆಗೆದಳು. ಸುಮ್ಮನಿದ್ದರೆ ಸಾಕಿತ್ತು. ಇಂಥ ಸುಲಭದ ಪಾಪ ಅವಳಿಗೆ ಯಾವತ್ತೂ ಎದುರಾಗಿರಲಿಲ್ಲ.

ಅಜ್ಜಿಯನ್ನು ಒಳಗೆ ಕರೆದು ಕಾಗದ ಕೊಟ್ಟಳು. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದಳು.

"ಇವನೇ. ಚಿಕ್ಕವನಿದ್ದಾಗ ಹೊಡೀಬೇಡ ಅಂತ ಹೀಗೇ ನೋಡ್ತಿದ್ದ." ಕಾಗದವನ್ನು ಕಣ್ಣ ಹತ್ತಿರ ತಂದು ಕೇಳಿದಳು, "ಯಾರನ್ನ ನೋಡ್ತಿದಾನೆ ಮಗಳೇ?"

ವೆನೆತಾ ಎದ್ದು ಬಾಗಿಲ ಚಿಲಕ ಹಾಕಿದಳು. ಪೆನ್‌ಡ್ರೈವ್ ಸಿಕ್ಕಿಸಿ ಆ ರಾತ್ರಿಯನ್ನೆಲ್ಲ ನಕಲಿಗೆ ಹಚ್ಚಿದಳು. ಆಮೇಲೆ ಅಜ್ಜಿಯನ್ನು ಮೂಟೆಯ ಮೇಲೆ ಕೂರಿಸಿ, ಚಿತ್ರ ಓಡಿಸಿದಳು.

ಕೈಗಳು ನೂಕಿದಾಗ ಅಜ್ಜಿ ಬಟ್ಟಲನ್ನು ನೆಲಕ್ಕಿಟ್ಟಳು. ಬಿದ್ದವನ ಒಂದು ಕೈ ಹಿಮದ ಮೇಲೆ ಮೆಲ್ಲಗೆ ಆಡುತ್ತಿತ್ತು. ವೆನೆತಾ ತಾಳಲಾರದೆ ಬೇಗ ಓಡಿಸಲು ಹೋದಳು.

"ಬೇಡ. ಹೇಗೆ ನಡೀತೋ ಹಾಗೇ ಬಿಡು."

"ಅಜ್ಜಿ, ಇದು ಬೆಳಗಿನವರೆಗೂ ಇದೆ."

"ಇರಲಿ. ಜೀವ ಹೋಗೋವಾಗ ಹತ್ರ ಒಂದು ದೀಪ ಉರೀಬೇಕು, ಅದೂ ಇಲ್ದೆ ಒಬ್ಬನೇ ಹೋದ ಅಂತ ಕರುಳು ಉರೀತಿತ್ತು."

ಅಜ್ಜಿ ಚೀಲದಿಂದ ಮೇಣದ ಬತ್ತಿ ತೆಗೆದು ಹಚ್ಚಿ, ಪರದೆಯ ಪಕ್ಕ ಹಿಡಿದು ಕೂತಳು. ಆಚೆಯಿಂದ ರುಸಿ ಬಾಗಿಲು ಗುದ್ದತೊಡಗಿದ. "ತೆಗಿಯೇ ಬಾಗ್ಲು! ವೆನೆತಾ!" ಸರದಿಯವರ ಗುಜುಗುಜು ಕೇಳಿಸಿತು. ವೆನೆತಾ ಪೆನ್‌ಡ್ರೈವನ್ನು ಕೀಳಲಿಲ್ಲ. ನಕಲು ಇನ್ನೂ ಮುಗಿದಿರಲಿಲ್ಲ.

"ಗಲಾಟೆ ಮಾಡ್ಬೇಡಿ ಅಂತ ಹೇಳು," ಎಂದಳು ಅಜ್ಜಿ, ಪರದೆಯಿಂದ ಕಣ್ಣು ಕೀಳದೆ. "ನನ್ನ ಮಗನಿಗೆ ಇನ್ನೂ ಜೀವ ಇದೆ."